ಗುಮ್ಮಟದಲ್ಲೊಂದು ನೆರಿಗೆ

ನಮ್ಮೂರ ತಾರಾಲಯದಲ್ಲಿ ಆಕಾಶ ಬಟ್ಟೆಯದು. ಇದು ಕವಿತೆಯಲ್ಲ, ನಿಜವಾಗಿಯೂ ಬಟ್ಟೆಯದೇ. ಗ್ರಂಥಾಲಯದ ಹಿಂದಿನ ಹಳೆಯ ಗೋದಾಮಿನಲ್ಲಿ ಕಬ್ಬಿಣದ ಕೊಳವೆಗಳ ಹಂದರ ಕಟ್ಟಿ, ಅದರೊಳಗೆ ಬಿಳಿ ಬಟ್ಟೆಯ ಗುಮ್ಮಟ ಬಿಗಿದು, ನಡುವೆ ಯಾವುದೋ ಶಾಲೆಯವರು ಬೇಡವೆಂದು ಬಿಟ್ಟ ಪ್ರೊಜೆಕ್ಟರ್ ಇಟ್ಟು, ಊರಿನವರೇ ಸೇರಿ ಮಾಡಿಕೊಂಡದ್ದು. ಪ್ರೊಜೆಕ್ಟರಿಗೆ ಎರಡು ದಪ್ಪ ತಲೆ, ಸಣ್ಣ ಸೊಂಟ, ತೆಳ್ಳನೆಯ ಕಾಲುಗಳು. ಎಲ್ಲರೂ ಅದನ್ನು ಇರುವೆ ಎನ್ನುತ್ತೇವೆ. ಶನಿವಾರ, ಭಾನುವಾರ ಆಟ. ವಾರವೆಲ್ಲ ವಿಮಾ ಕಚೇರಿಯಲ್ಲಿ ಕುಳಿತು ಜನರಿಗೆ ಸಾವಿನ ಭಯ ಹುಟ್ಟಿಸುವ ನಾನು ಆ ಎರಡು ದಿನ ಇಲ್ಲಿ ವಿವರಣೆಕಾರ. ನನ್ನ ಹೆಂಡತಿ ನಿದ್ದೆ ಬಾರದ ತನ್ನ ತಾಯಿಯನ್ನು ಎರಡು ಸಲ ಇಲ್ಲಿಗೆ ಕರೆತಂದಿದ್ದಾಳೆ. ಎರಡು ಸಲವೂ ಗುಣ ಕಂಡಿದೆ.

ಆದರೆ ನಾನು ಹೇಳಹೊರಟಿರುವುದು ಊರೆಲ್ಲ ಕತ್ತಲೆ ಅಕ್ಕ ಎಂದು ಕರೆಯುವವರ ವಿಷಯ.

ವೃತ್ತಿಯಲ್ಲಿ ಅಕ್ಕ ದರ್ಜಿ. ಬಸ್ ನಿಲ್ದಾಣದ ಎದುರು ಅಂಗಡಿ. ಅಳತೆ ಟೇಪು ಸದಾ ಕೊರಳಲ್ಲೇ ಇರುತ್ತದೆ. ಮಾತಾಡುವಾಗ ನಮ್ಮ ಭುಜ ನೋಡುತ್ತಾ ಮಾತಾಡುವುದರಿಂದ ನಮ್ಮ ಮಾತಿಗಿಂತ ನಮ್ಮ ಅಂಗಿಯ ಹೊಲಿಗೆಯ ಬಗ್ಗೆಯೇ ಅವರಿಗೆ ಹೆಚ್ಚು ತಿಳಿದಿರುತ್ತದೆ. ತಾರಾಲಯದಲ್ಲಿ ಅವರ ಕೆಲಸ ಬಾಗಿಲು ಕಾಯುವುದು. ಆಟ ಶುರುವಾಗುವಾಗ ಬಾಗಿಲು ಹಾಕಿ ಒಳಗಿನಿಂದ ಕಪ್ಪು ಪರದೆ ಎಳೆದರೆ ಮುಗಿಯಿತು, ಆಮೇಲೆ ಯಾರು ಬಂದರೂ ಒಳಗೆ ಬಿಡುವುದಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹೊತ್ತು ಬೇಕು, ಹೊಂದಿಕೊಂಡ ಮೇಲೆಯೇ ಮಂಕು ನಕ್ಷತ್ರಗಳು ಒಂದೊಂದಾಗಿ ಮೂಡುವುದು. ನಡುವೆ ಬೆಳಕಿನ ಒಂದು ಸೀಳು ಬಿದ್ದರೂ ಒಳಗಿದ್ದ ಎಲ್ಲರದೂ ಮತ್ತೆ ಮೊದಲಿನಿಂದ. ಊಟದ ಡಬ್ಬಿ ತಂದ ಸ್ವಂತ ಗಂಡನನ್ನೇ ಅವರು ಹೊರಗೆ ನಿಲ್ಲಿಸಿದ್ದುಂಟು. ಒಮ್ಮೆ ನಗರಸಭೆಯ ಅಧ್ಯಕ್ಷರು ತಡವಾಗಿ ಬಂದು, ನಾನು ಯಾರು ಗೊತ್ತಾ ಎಂದರಂತೆ. ಬಾಗಿಲು ತೆಗೆಯದೆ ಒಳಗಿನಿಂದಲೇ ಅಕ್ಕ, “ನನಗೆ ಗೊತ್ತು ಸಾರ್. ನಕ್ಷತ್ರಕ್ಕೆ ಗೊತ್ತಿಲ್ವಲ್ಲ. ಮುಂದಿನ ಆಟಕ್ಕೆ ಬನ್ನಿ” ಅಂದರಂತೆ. ಆ ವರ್ಷ ನಮಗೆ ಅನುದಾನ ಬರಲಿಲ್ಲ.

ಗುಮ್ಮಟದ ಬಟ್ಟೆ ಹೊಲಿದವರೂ ಅಕ್ಕನೇ. ಅಕ್ಕ ಮತ್ತು ಅವರ ತಂಗಿ. ಕಿತ್ತಳೆ ಹಣ್ಣಿನ ತೊಳೆಗಳಂತೆ ನಡುವೆ ಅಗಲ, ತುದಿಗೆ ಚೂಪಾದ ಉದ್ದುದ್ದ ಪಟ್ಟಿಗಳನ್ನು ಕತ್ತರಿಸಿ ಒಂದಕ್ಕೊಂದು ಕೂಡಿಸಬೇಕು. ಆಗ ಇಬ್ಬರಿಗೂ ಒಂದೇ ಅಂಗಡಿ, ಒಂದೇ ಕತ್ತರಿ. ಒಬ್ಬರು ಯಂತ್ರ ತುಳಿದರೆ ಇನ್ನೊಬ್ಬರು ಹಿಂದಿನಿಂದ ಬಟ್ಟೆ ಎಳೆದುಕೊಳ್ಳುವುದು. ಒಂದು ಕೂಡಿಕೆಯಲ್ಲಿ ಮಾತ್ರ ಬಟ್ಟೆ ಸುಕ್ಕು ಹಿಡಿದು ನೆರಿಗೆಯಾಯಿತು. ಇರುವೆ ತಿರುಗುತ್ತಾ ಸಪ್ತರ್ಷಿ ಮಂಡಲವನ್ನು ಅಲ್ಲಿಗೆ ತಂದಾಗ ಏಳು ಋಷಿಗಳಲ್ಲಿ ಒಬ್ಬರು ಆ ನೆರಿಗೆಯೊಳಗೆ ಬಿದ್ದು ಮಾಯವಾಗುತ್ತಾರೆ. “ಒಬ್ಬರು ರಜೆ ಮೇಲಿದ್ದಾರೆ” ಎಂದು ನಾನು ಪ್ರತಿ ಆಟದಲ್ಲೂ ಹೇಳುತ್ತೇನೆ. ಮೊದಲ ಸಲ ಹೇಳಿದಾಗ ಜನ ನಕ್ಕಿದ್ದರು. ಆ ನಗುವನ್ನೇ ನೆಚ್ಚಿಕೊಂಡು ಇಷ್ಟು ವರ್ಷ ಕಳೆದಿದ್ದೇನೆ. ನಾನು ಹಾಗೆ ಹೇಳಿದಾಗಲೆಲ್ಲ ಬಾಗಿಲ ಬಳಿ ಅಕ್ಕ ಕೆಮ್ಮುತ್ತಿದ್ದರು. ಜೋಕು ಹಳಸಿದೆ ಎಂದು ಸೂಚಿಸುತ್ತಿದ್ದಾರೆ ಅಂದುಕೊಂಡಿದ್ದೆ.

ಈ ವರ್ಷ ಬಟ್ಟೆ ತೆಗೆದು ತಗಡಿನ ಗುಮ್ಮಟ ಹಾಕುವುದೆಂದು ತೀರ್ಮಾನವಾಯಿತು. ಬಟ್ಟೆಯ ಆಕಾಶಕ್ಕೆ ಒಂದೇ ವಾರಾಂತ್ಯ ಉಳಿದಿತ್ತು. ಶುಕ್ರವಾರ ಸಂಜೆ ಇರುವೆಯ ದೂಳು ಒರೆಸುತ್ತಿದ್ದಾಗ ಅಕ್ಕ ಪರದೆಗೆ ಇಸ್ತ್ರಿ ಹಾಕಿಕೊಂಡು ತಂದರು. ಕತ್ತಲೆಯಲ್ಲಿ ಯಾರಿಗೂ ಕಾಣದ ಪರದೆಗೆ ಇಸ್ತ್ರಿ.

“ಭಾಷಣದವ್ರೇ, ಭಾನುವಾರ ಕೊನೇ ಆಟದಲ್ಲಿ ಆ ಋಷಿಗಳ ಹತ್ರ ಸ್ವಲ್ಪ ನಿಧಾನ ಮಾಡ್ತೀರಾ?”

“ಮಾಡೋಣ. ಯಾಕಕ್ಕಾ?”

“ತಂಗಿ ಬರ್ತಾಳೆ. ಅಂದ್ರೆ, ಬರ್ತೀನಿ ಅಂದಿದಾಳೆ.”

ಆಮೇಲೆ ಪರದೆಯ ಬಳೆಗಳನ್ನು ಒಂದೊಂದಾಗಿ ಸರಳಿಗೆ ಪೋಣಿಸುತ್ತಾ, ನನ್ನ ಕಡೆ ನೋಡದೆ ಹೇಳಿದರು. ಗುಮ್ಮಟ ಏರಿಸಿದ ಮೊದಲ ದಿನ, ಎಲ್ಲರೂ ತಲೆ ಎತ್ತಿ ನೋಡುತ್ತಿದ್ದಾಗ, ಆಗಿನ ವಿವರಣೆಕಾರರಾಗಿದ್ದ ಭೂಗೋಳದ ಮೇಷ್ಟ್ರು ನೆರಿಗೆ ತೋರಿಸಿ, ಇದು ಯಾರ ಹೊಲಿಗೆ ಎಂದು ಕೇಳಿದರು.

“ತಂಗೀದು ಅಂದ್ಬಿಟ್ಟೆ. ಯೋಚನೆ ಕೂಡ ಮಾಡ್ಲಿಲ್ಲ, ಹಾಗೇ ಬಾಯಿಗೆ ಬಂತು.”

“ಅವರದಲ್ವಾ?”

“ತುಳೀತಿದ್ದವಳು ನಾನು. ಮನೆಗೆ ಹೋಗೋ ಅವಸರ. ‘ಅಕ್ಕಾ, ನೆರಿಗೆ ಬರ್ತಿದೆ, ನಿಲ್ಸು’ ಅಂದ್ಲು. ನೀನು ಸುಮ್ನೆ ಎಳಿ ಅಂದೆ.”

“ಅವರೇನಂದ್ರು, ಅವತ್ತು?”

“ಏನೂ ಅನ್ಲಿಲ್ಲ. ಅದೇ ಆಗಿದ್ದು. ಜಗಳ ಆಡಿದ್ರೆ ಸಂಜೆಗೆ ಸರಿಹೋಗ್ತಿತ್ತು.”

ತಂಗಿ ಆ ತಿಂಗಳೇ ತನ್ನ ಯಂತ್ರ ಎತ್ತಿಕೊಂಡು ಹೊಳೆಯಾಚೆಯ ಊರಿನಲ್ಲಿ ಬೇರೆ ಅಂಗಡಿ ಹಾಕಿದಳು. ಮದುವೆಗಳಲ್ಲಿ, ಸಾವುಗಳಲ್ಲಿ ಎದುರಾದರೆ ‘ಊಟ ಆಯ್ತಾ’, ‘ಆಯ್ತು’. ಅಕ್ಕತಂಗಿಯರ ನಡುವೆ ಉಳಿದದ್ದು ಅಷ್ಟೇ ಮಾತು.

“ಫೋನಲ್ಲೇ ಹೇಳಿಬಿಡಬಹುದಿತ್ತಲ್ಲ ಅಕ್ಕಾ.”

“ಅಷ್ಟು ಜನರ ಮುಂದೆ ಅಂದಿದ್ದನ್ನ ಫೋನಲ್ಲಿ ವಾಪಸ್ ತಗೊಳ್ಳಕ್ಕಾಗುತ್ತಾ? ಅದರ ಕೆಳಗೇ ಕೂರಿಸ್ಕೊಂಡು ಹೇಳ್ಬೇಕು. ಸೋಮವಾರ ಅದು ಇರೋದೇ ಇಲ್ಲ.” ಕೊನೆಯ ಬಳೆ ಪೋಣಿಸಿ, “ಹೊತ್ತಿಗೆ ಸರಿಯಾಗಿ ಬಾ, ಬಾಗಿಲು ಹಾಕಿದ್ಮೇಲೆ ತೆಗೆಯಲ್ಲ ಅಂತಾನೂ ಹೇಳಿದೀನಿ” ಅಂದರು. ಇಷ್ಟು ವರ್ಷಗಳ ಮೇಲೆ ತಂಗಿಯನ್ನು ಕರೆಯುವಾಗಲೂ ಅದೊಂದನ್ನು ಸೇರಿಸದೆ ಇರಲು ಅವರಿಂದಾಗಿರಲಿಲ್ಲ.

ಶನಿವಾರ ಜನವೋ ಜನ. ಇಷ್ಟು ವರ್ಷ ತಾರಾಲಯ ಎಲ್ಲಿದೆ ಎಂದೂ ಕೇಳದಿದ್ದವರು, ಬಟ್ಟೆಯ ಆಕಾಶ ಇನ್ನು ಇರುವುದಿಲ್ಲ ಎಂದ ಕೂಡಲೇ ಬಂದು ‘ಅಯ್ಯೋ ಪಾಪ’ ಎನ್ನುತ್ತಿದ್ದರು. ಭಾನುವಾರದ ಕೊನೆಯ ಆಟಕ್ಕೆ ಕುರ್ಚಿ ಸಾಲದೆ ಗ್ರಂಥಾಲಯದ ಬೆಂಚುಗಳನ್ನು ತಂದೆವು. ನೆರಿಗೆಯ ನೇರ ಕೆಳಗಿನ ಕುರ್ಚಿಯ ಮೇಲೆ ಮಾತ್ರ ಅಕ್ಕ ತಮ್ಮ ಅಳತೆ ಟೇಪನ್ನು ಅಡ್ಡ ಹಾಸಿದ್ದರು. ಟೇಪಿಲ್ಲದ ಅವರ ಕೊರಳನ್ನು ನಾನು ನೋಡಿದ್ದು ಅದೇ ಮೊದಲು.

ಹೊತ್ತಾಯಿತು. ತಂಗಿಯ ಸುಳಿವಿಲ್ಲ. ಅಕ್ಕ ನನ್ನ ಬಳಿ ಬಂದು, “ಸ್ವಲ್ಪ ಎಳೀರಿ” ಅಂದರು.

ಮಾತು ಎಳೆಯಿರಿ ಎಂದು ಯಾರಾದರೂ ನನ್ನನ್ನು ಕೇಳಿಕೊಂಡದ್ದು ಈ ಜನ್ಮದಲ್ಲಿ ಅದೊಂದೇ ಸಲ. ದೀಪ ಉರಿಯುತ್ತಿರುವಂತೆಯೇ ಶನಿಯ ಉಂಗುರಗಳ ಬಗ್ಗೆ ಹೇಳಿದೆ. ಉಂಗುರ ಮುಗಿದ ಮೇಲೆ ಉಪಗ್ರಹಗಳನ್ನು ಹಿಡಿದೆ. ಮುಂದಿನ ಸಾಲಿನ ಹಿರಿಯರೊಬ್ಬರು, “ಸ್ವಾಮಿ, ನಕ್ಷತ್ರ ತೋರಿಸ್ತೀರೋ, ಇಲ್ಲ ಹೀಗೇ ಮಾತಾಡಿ ನಮ್ಮನ್ನೇ ಮೇಲಕ್ಕೆ ಕಳಿಸ್ತೀರೋ?” ಅಂದರು. ಸಭೆ ಘೊಳ್ಳೆಂದಿತು. ನನ್ನ ಯಾವ ಜೋಕಿಗೂ ಅಷ್ಟು ನಗು ಬಿದ್ದದ್ದಿಲ್ಲ.

ಅಕ್ಕ ಒಮ್ಮೆ ರಸ್ತೆಯ ಕಡೆ ನೋಡಿ, ಬಾಗಿಲು ಹಾಕಿ, ಪರದೆ ಎಳೆದರು.

ಕತ್ತಲೆ ಇಳಿಯಿತು. ಮೊದಲು ದಪ್ಪ ನಕ್ಷತ್ರಗಳು, ಆಮೇಲೆ ಸಣ್ಣವು, ಆಮೇಲೆ ಹಿಟ್ಟು ಚೆಲ್ಲಿದಂತೆ ಮಂಕಾದವು. ಜನ ಉಸಿರು ಹಿಡಿದಿದ್ದರು. ಆಗ ಬಾಗಿಲು ಬಡಿದ ಸದ್ದು. ಎರಡು, ಸ್ವಲ್ಪ ಬಿಟ್ಟು ಇನ್ನೊಂದು. ಯಾರೋ ಶ್ ಎಂದರು. ಪರದೆಯ ಬಳೆಗಳು ಕಿಣಿ ಎಂದವು. ಅಕ್ಕ ಪರದೆ ಹಿಡಿದಿದ್ದಾರೆ, ಈಗ ಸರಿಸುತ್ತಾರೆ ಅಂದುಕೊಂಡೆ. ನನ್ನ ವಾಕ್ಯ ಅರ್ಧಕ್ಕೇ ನಿಂತಿತ್ತು. ಬಳೆಗಳು ಸುಮ್ಮನಾದವು. ಇನ್ನೊಮ್ಮೆ ಬಡಿತ ಕೇಳಲಿಲ್ಲ.

ಸಪ್ತರ್ಷಿಗಳು ನೆರಿಗೆಯ ಹತ್ತಿರ ಬಂದಾಗ, ಮಾತು ಕೊಟ್ಟಂತೆ ನಿಧಾನ ಮಾಡಿದೆ. ಒಬ್ಬರು ಮಾಯವಾದರು. “ಅಲ್ಲೊಬ್ಬರು ಕಾಣ್ತಿಲ್ಲ” ಎಂದು ಒಂದು ಮಗು ಕೂಗಿತು. ರಜೆಯ ಜೋಕು ನನ್ನ ಬಾಯಿಗೆ ಬರಲಿಲ್ಲ. ಬಾಗಿಲ ಬಳಿ ಕೆಮ್ಮೂ ಇಲ್ಲ.

ದೀಪ ಹತ್ತಿತೋ ಇಲ್ಲವೋ, ಅಕ್ಕ ಹೊರಗಿದ್ದರು. ಗ್ರಂಥಾಲಯದ ಗೇಟು ಕಾಯುವವನೊಬ್ಬನೇ ಅಲ್ಲಿ ಖಾಲಿ ಕುರ್ಚಿಯೊಂದರ ಪಕ್ಕ ನಿಂತಿದ್ದ.

“ಬಂದಿದ್ರು ಅಕ್ಕಾ. ಥೇಟ್ ನಿಮ್ದೇ ಮುಖ. ಬಸ್ಸು ದಾರೀಲಿ ಕೆಟ್ಟು ನಿಂತಿತ್ತಂತೆ.”

“ಕೂರು ಅನ್ಬೇಕಿತ್ತು.”

“ಕೂರಿಸಿದ್ದೆ. ಸ್ವಲ್ಪ ಹೊತ್ತು ಕೂತ್ರು. ‘ತೆಗೆಯಲ್ಲ ಅಂದಿದ್ಲು, ತೆಗೀಲಿಲ್ಲ. ಅವಳು ಅಂದಿದ್ದು ಅಂದಿದ್ದೇ’ ಅಂದ್ಬಿಟ್ಟು ಎದ್ದು ಹೋದ್ರು.”

“ಸಿಟ್ಟಲ್ಲಿ ಅಂದ್ಲಾ?”

“ಇಲ್ಲ, ನಕ್ರು.”

“ಹೆಂಗೆ ನಕ್ಲು?”

“ನಗೋ ಹಂಗೇ ನಕ್ರು ಅಕ್ಕಾ. ನಗೋದ್ರಲ್ಲಿ ಎಷ್ಟು ಥರ ಇದೆ?”

ಅಕ್ಕ ಬಸ್ ನಿಲ್ದಾಣದವರೆಗೆ ಓಡಿ, ನಡೆದುಕೊಂಡು ವಾಪಸ್ ಬಂದರು. ಅಷ್ಟರಲ್ಲಿ ಜನ ಕರಗಿದ್ದರು. ಒಳಗೆ ಬಂದು, ಟೇಪು ಹಾಸಿದ ಕುರ್ಚಿಯ ಪಕ್ಕ ಕುಳಿತರು.

“ಬಡಿದದ್ದು ಅವಳೇ ಅಂತ ಗೊತ್ತಾಯ್ತು ಭಾಷಣದವ್ರೇ. ಚಿಕ್ಕಂದಿನಿಂದ ಹಾಗೇ ಬಡಿಯೋದು. ಪರದೆ ಕೈಯಲ್ಲೇ ಇತ್ತು. ಇಷ್ಟು ಜನರ ಕಣ್ಣು ಈಗ ತಾನೆ ಹೊಂದ್ಕೊಂಡಿದೆ ಅನ್ನಿಸ್ತು. ಇಷ್ಟು ವರ್ಷ ಕಾದವಳು ಇನ್ನೊಂದು ಸ್ವಲ್ಪ ಹೊತ್ತು ಕಾಯ್ತಾಳೆ ಅಂದ್ಕೊಂಡೆ.”

ವಿಮೆಯವನಾದ ನನಗೆ ಸಾಂತ್ವನದ ಮಾತುಗಳು ಬಾಯಿಪಾಠ. ಆ ಸಂಜೆ ಅವನ್ನೆಲ್ಲ ಬದಿಗಿಟ್ಟು ಬೆಂಚುಗಳನ್ನು ಗ್ರಂಥಾಲಯಕ್ಕೆ ಹೊರತೊಡಗಿದೆ.

ಸೋಮವಾರ ಬಟ್ಟೆ ಇಳಿಸಿದರು. ಆಕಾಶವೆಂದರೆ ನೆಲದ ಮೇಲೆ ಒಂದು ದೊಡ್ಡ ಬಟ್ಟೆ ಮೂಟೆ, ಅಷ್ಟೇ. ಅಕ್ಕ ಅದರಲ್ಲಿ ಕೈಯಾಡಿಸಿ, ಆ ಕೂಡಿಕೆ ಹುಡುಕಿ, ಬ್ಲೇಡಿನಿಂದ ಹೊಲಿಗೆ ಬಿಚ್ಚಿದರು. ನೆರಿಗೆ ಬಿಟ್ಟುಕೊಂಡು ಬಟ್ಟೆ ಮಟ್ಟಸವಾಯಿತು. “ಅವತ್ತೇ ಬಿಚ್ಚಿ ಹೊಲಿದಿದ್ರೆ ಎಷ್ಟು ಹೊತ್ತಿನ ಕೆಲಸ” ಅಂದರು.

ಮರುವಾರ ಅಂಗಡಿ ಮುಚ್ಚಿ ಹೊಳೆಯಾಚೆಗೆ ಹೋಗಿಬಂದರು. ತಂಗಿಯ ಅಂಗಡಿ ತುಂಬ ಗಿರಾಕಿಗಳಂತೆ. ಸ್ಟೂಲು ಹಾಕಿ ಕೂರಿಸಿ ಚಹ ತರಿಸಿದಳಂತೆ. ಊಟ ಆಯ್ತಾ ಎಂದು ಕೇಳಿದಳಂತೆ. ಅಕ್ಕ ಗಂಟಲು ಸರಿಮಾಡಿಕೊಂಡು, “ಆ ನೆರಿಗೆ ಇತ್ತಲ್ಲ” ಎಂದು ಶುರುಮಾಡಿದರೆ, ಅವಳು ಹಲ್ಲಿನಿಂದ ದಾರ ಕಡಿಯುತ್ತಾ, “ಬಿಡಕ್ಕಾ, ಆ ಬಟ್ಟೇನೇ ಇಲ್ವಂತೆ, ಇನ್ನೆಂಥ ನೆರಿಗೆ” ಅಂದಳಂತೆ. ಅಲ್ಲಿಗೆ ಅದು ಹೇಳಿದ ಹಾಗೂ ಆಗಲಿಲ್ಲ, ಹೇಳದ ಹಾಗೂ ಆಗಲಿಲ್ಲ.

ತಗಡಿನ ಗುಮ್ಮಟ ಈಗ ನುಣ್ಣಗಿದೆ. ಏಳು ಜನ ಋಷಿಗಳೂ ತಪ್ಪದೆ ಹಾಜರಿರುತ್ತಾರೆ, ನನ್ನ ಏಕೈಕ ಜೋಕು ಹೋಯಿತು. ಬಾಗಿಲಲ್ಲಿ ಈಗಲೂ ಅಕ್ಕನೇ. ಆದರೆ ಯಾರು ಯಾವಾಗ ಬಡಿದರೂ ತೆಗೆಯುತ್ತಾರೆ. ವಿಷಯ ಊರಿಗೆಲ್ಲ ಗೊತ್ತಾಗಿ, ಜನ ಆಟದ ನಡುವೆ ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು ಆರಾಮವಾಗಿ ಬರುತ್ತಾರೆ. ಮೂಡಿದ್ದ ನಕ್ಷತ್ರಗಳೆಲ್ಲ ಅಳಿಸಿಹೋಗುತ್ತವೆ.

“ಅಕ್ಕಾ, ಕಣ್ಣು ಹೊಂದ್ಕೊಂಡಿರುತ್ತಲ್ಲ” ಎಂದು ಒಮ್ಮೆ ನಾನೇ ಕೇಳಿದೆ.

“ಮತ್ತೆ ಹೊಂದ್ಕೊಳ್ಳುತ್ತೆ ಬಿಡಿ” ಅಂದರು.

ಪರದೆ ಸರಿದಾಗಲೆಲ್ಲ ಹೊರಗಿನ ಬೆಳಕಿನಲ್ಲಿ ಅವರ ಮುಖ ಕಾಣುತ್ತದೆ. ಬಂದವರನ್ನು ಒಂದು ಗಳಿಗೆ ನೋಡುತ್ತಾರೆ. ಆಮೇಲೆ, “ಬನ್ನಿ, ನಿಧಾನ, ಮೆಟ್ಟಿಲಿದೆ” ಎಂದು ಕೈಹಿಡಿದು ಒಳಗೆ ಕರೆದುಕೊಳ್ಳುತ್ತಾರೆ.