ಆರ್ಲೆತ್ ಬಡಿಸಿದ ಫ್ರೆಂಚು

"ಈ ಇಂಗ್ಲಿಷ್ ಮಕ್ಕಳು ಬಂದ ಮೊದಲನೇ ವರ್ಷ ನಾನು ಅಂದ್ಕೊಂಡಿದ್ದೆ, ಪಾಪ ಇವಕ್ಕೆ ಹಲ್ಲೇ ಇಲ್ಲ ಅಂತ. ಏನು ಕೊಟ್ರೂ ನೋಡ್ತಾವೆ, ಅಗಿಯಲ್ಲ. ಮೂಲಂಗಿಗೆ ಬೆಣ್ಣೆ ಇಟ್ಟು ಕೊಟ್ಟೆ. ಬೆಣ್ಣೆ ನೆಕ್ಕಿದ್ವು, ಮೂಲಂಗಿ ವಾಪಸ್ ಬಂತು. ಕುರಿ ಮಾಂಸ ಕೊಟ್ರೆ ಪುದೀನ ಎಲ್ಲಿ ಅಂತ ಕೇಳ್ತಾವೆ. ಪುದೀನ ಹಾಕೋದು ಚಹಾಕ್ಕೆ ಕಣ್ರೋ, ಕುರಿಗಲ್ಲ, ಬೇಕಾದ್ರೆ ಪಾತ್ರೆ ತೊಳೆಯೋ ನಮ್ಮ ಝೊಹ್ರಾನ ಕೇಳಿ, ಅವಳ ಊರಲ್ಲಿ ಹಾಗೇ ಕುಡೀತಾರೆ ಅಂದೆ. ಚೀಸು ಬಂದಾಗಂತೂ ಒಬ್ಬ ಹುಡುಗ ಮೂಗು ಹಿಡ್ಕೊಂಡು ನನ್ನ ಕಾಲು ನೋಡಿದ. ನನ್ನ ಕಾಲು! ಬೂಟು ಬಿಚ್ಚಿದ್ದೀನೇನೋ ಅಂತ. ಆಮೇಲೆ ಅವರ ತಾಯಂದಿರು ಬಂದ್ರು. ಊಟಕ್ಕೆ ಇಷ್ಟು ಹೊತ್ತು ಯಾಕೆ, ಮಕ್ಕಳು ಡಬ್ಬೀಲಿ ಸ್ಯಾಂಡ್‌ವಿಚ್ ತಂದ್ರೆ ಹತ್ತು ನಿಮಿಷ ಸಾಕಲ್ವಾ ಅಂತ ಕೇಳಿದ್ರು. ಹತ್ತು ನಿಮಿಷದಲ್ಲಿ ನಮ್ಮೂರ ನಾಯೀನೂ ಉಣ್ಣಲ್ಲ ತಾಯೀ ಅಂದೆ. ಹೆಡ್‌ಮಾಸ್ಟ್ರು ಪಕ್ಕದಲ್ಲಿ ನಿಂತು ಅದನ್ನ ಇಂಗ್ಲಿಷ್‌ನಲ್ಲಿ ಹೇಳಿದ್ರು. ಬಹಳ ಚಿಕ್ಕದಾಗಿ ಹೇಳಿದ್ರು. ಆಯಮ್ಮ ನನಗೆ ಥ್ಯಾಂಕ್ಯೂ ಅಂದ್ಲು. ಏನು ಹೇಳಿದ್ರೋ ಪುಣ್ಯಾತ್ಮ, ಅವರಿಗೇ ಗೊತ್ತು."

ಆರ್ಲೆತ್ ಲಬಾದಿ ಇದನ್ನು ಹೇಳುವುದು ಬಡಿಸುವ ಕಟ್ಟೆಯ ಮೇಲೆ ಮೊಣಕೈ ಊರಿಕೊಂಡು, ಕೇಳುವವರು ನಗುವವರೆಗೆ ತಾನು ನಗದೆ. ಕಾಸ್ತೆರಾಕ್ ಊರಿನ ಸರ್ಕಾರಿ ಮಾಧ್ಯಮಿಕ ಶಾಲೆಯ ಊಟದ ಮನೆ ಅವಳದು. ಶಾಲೆ ಸರ್ಕಾರದ್ದಿರಬಹುದು, ಊಟದ ಮನೆ ಮಾತ್ರ ಅವಳದೇ. ಹುಡುಗಿಯಾಗಿದ್ದಾಗ ಬಾತುಕೋಳಿ ಪುಕ್ಕ ಕೀಳುವ ಶೆಡ್ಡಿನಲ್ಲಿ ದುಡಿದಳು. ಅಂಚೆ ಹಂಚುವ ಲ್ಯೂಸಿಯಾನನ್ನು ಮದುವೆಯಾದ ಮೇಲೆ ಇಲ್ಲಿಗೆ ಬಂದಳು, ಬಂದವಳು ಹೋಗಲಿಲ್ಲ. ಲ್ಯೂಸಿಯಾ ಈಗ ನಿವೃತ್ತ. ದಿನವಿಡೀ ಚೌಕದಲ್ಲಿ ಕಬ್ಬಿಣದ ಗುಂಡು ಎಸೆಯುವ ಆಟ ಆಡಿಕೊಂಡು, ಸಂಜೆ ಮನೆಗೆ ಬಂದು ಸೊಂಟನೋವು ಎನ್ನುತ್ತಾನೆ.

ಊರಾಚೆ ವಿಮಾನದ ಕಾರ್ಖಾನೆ ದೊಡ್ಡದಾದಾಗ ಇಂಗ್ಲಿಷ್ ಸಂಸಾರಗಳು ಬಂದವು, ಅವರ ಮಕ್ಕಳಿಗೆಂದು ಶಾಲೆಯಲ್ಲಿ ಇಂಗ್ಲಿಷ್ ವಿಭಾಗ ಬಂತು. ಸಾಹಿತ್ಯ, ಚರಿತ್ರೆ ಇಂಗ್ಲಿಷಿನಲ್ಲಿ. ಗಣಿತ, ವಿಜ್ಞಾನ, ಆಟ, ಜಗಳ ಎಲ್ಲ ಊರಿನ ಮಕ್ಕಳ ಜೊತೆ ಫ್ರೆಂಚಿನಲ್ಲಿ. ಫ್ರೆಂಚು ಬಾರದೆ ಬಂದ ಮಗುವಿಗೆ ಮೊದಲ ವರ್ಷ ಮಿಸ್ ರೂಬೋ ಎಂಬ ಟೀಚರ ಬಳಿ ಬೇರೆ ಪಾಠ. ವರ್ಷದ ಕೊನೆಗೆ ಹೊರಗಿನಿಂದ ಒಬ್ಬರು ಬಂದು ಮಗುವನ್ನು ಮಾತಾಡಿಸಿ ನೋಡುತ್ತಾರೆ. ಮಾತು ಬಂದರೆ ವಿಭಾಗದಲ್ಲಿ ಜಾಗ ಉಂಟು. ಬಾರದಿದ್ದರೆ ಇಲ್ಲ.

ಆ ವರ್ಷ ಹಾಗೆ ಬಂದವಳು ಟ್ಯಾಮ್ಸಿನ್ ಹೋಲ್‌ರಾಯ್ಡ್. ಹನ್ನೊಂದು ವರ್ಷದ ಹುಡುಗಿ, ಮೂಗಿನ ಮೇಲೆಲ್ಲ ಕಂದು ಚುಕ್ಕೆ, ಎರಡು ಬಿಗಿ ಜಡೆ. ಅವಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಎಲೆ ಉದುರಿತು, ಚಳಿ ಬಂತು, ಚಳಿ ಹೋಯಿತು, ಬಾಯಿ ಬಿಡಲಿಲ್ಲ. ಮಿಸ್ ರೂಬೋ ಕೆಟ್ಟವಳಲ್ಲ. ಆದರೆ ಒಂದು ಪದ ಮಗುವಿನ ಬಾಯಿಂದ ಜಾರಿದರೆ ಸಾಕು, ಅದು ನೆಲಕ್ಕೆ ಬೀಳುವ ಮುಂಚೆ ಹಿಡಿದು, ಒರೆಸಿ, ಸರಿಮಾಡಿ ವಾಪಸ್ ಕೊಡುತ್ತಿದ್ದಳು. ಹಾಗೆ ಒರೆಸಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದೇ ಮೇಲೆಂದು ಟ್ಯಾಮ್ಸಿನ್ ತೀರ್ಮಾನಿಸಿದಳು.

ಆರ್ಲೆತ್‌ಗೆ ಈ ಮೌನ ಹೊಸದಲ್ಲ. ಅವಳು ಹುಟ್ಟಿದ ಹಟ್ಟಿಯಲ್ಲಿ ಅಜ್ಜಿ ಆಡುತ್ತಿದ್ದುದು ಆ ಸೀಮೆಯ ಹಳೇ ಭಾಷೆ, ಗ್ಯಾಸ್ಕನ್. ಶಾಲೆಗೆ ಹಾಕಿದಾಗ ಅಲ್ಲಿ ಬರೀ ಫ್ರೆಂಚು. ಈ ಮಗು ಕಿವುಡು ಎಂದು ಮಾಸ್ತರರು ಅವಳನ್ನು ಮುಂದಿನ ಬೆಂಚಿಗೆ ತಂದು ಕೂರಿಸಿದ್ದರು.

ಟ್ಯಾಮ್ಸಿನ್ ನಿಧಾನವಾಗಿ ಉಣ್ಣುವ ಹುಡುಗಿ. ಉಳಿದವರೆಲ್ಲ ಅಂಗಳಕ್ಕೆ ಓಡಿದರೂ ಅವಳ ತಟ್ಟೆಯಲ್ಲಿ ಅರ್ಧ ಇರುತ್ತಿತ್ತು. ಆರ್ಲೆತ್ ಬಟ್ಟೆ ಹಿಡಿದು ಮೇಜು ಒರೆಸುತ್ತ ಬರುವಳು, ಒರೆಸುತ್ತ ಬೈಯುವಳು: ಚೆಲ್ಲಿದವರನ್ನು, ಸಪ್ಪೆ ಕ್ಯಾರೆಟ್ಟನ್ನು, ರೇಡಿಯೋದಲ್ಲಿ ಮಾತಾಡುವ ಮಂತ್ರಿಯನ್ನು, ಲ್ಯೂಸಿಯಾನ ಸೊಂಟವನ್ನು. ಒಂದು ದಿನ ಹುಡುಗಿಯೂ ಒಂದು ಬಟ್ಟೆ ತಗೊಂಡಳು. ಇನ್ನೊಂದು ದಿನ ಮೇಜಿನಡಿ ಬಗ್ಗಿ ನೋಡಿ ತಣ್ಣಗೆ ಅಂದಳು: "ಇಲ್ಲೊಬ್ಬ ಹಂದಿ ಉಂಡು ಹೋಗವ್ನೆ ಕಣೇ ಆರ್ಲೆತ್."

ಆರ್ಲೆತ್ ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು. ಮಾತು ಸರಿಯಾಗಿತ್ತು, ರಾಗ ಸರಿಯಾಗಿತ್ತು, ಮಾತಿನ ಕೊನೆಗೆ ಉಸಿರನ್ನು ಮೂಗಿನಿಂದ ಬಿಡುವುದೂ ಸರಿಯಾಗಿತ್ತು. ಅದು ಆರ್ಲೆತ್‌ಳದೇ ಮಾತು, ಅವಳದೇ ಮೂಗು.

ಅಲ್ಲಿಂದಾಚೆಗೆ ಹುಡುಗಿಯ ಬಾಯಿಗೆ ಬಿಡುವಿಲ್ಲ. ಊಟದ ಮನೆಯಲ್ಲಿ ಯಾರೂ ಅವಳ ಪದ ಒರೆಸಿ ವಾಪಸ್ ಕೊಡಲಿಲ್ಲ. ಅಲ್ಲಿ ತಪ್ಪು ಎನ್ನುವುದು ಉಪ್ಪಿಗೆ ಮಾತ್ರ. ಚೀಸಿನ ತುಂಡಿನ ಮೂಗು, ಅಂದರೆ ರುಚಿಯಾದ ಚೂಪು ತುದಿ, ಕತ್ತರಿಸಬಾರದು, ಪಕ್ಕದಿಂದ ಉದ್ದಕ್ಕೆ ಕೊಯ್ಯಬೇಕು ಎಂದು ಕಲಿತಳು. ಬ್ರೆಡ್ಡನ್ನು ಮೇಜಿನ ಮೇಲೆ ಬೋರಲು ಇಡಬಾರದು ಎಂದು ಕಲಿತಳು. ಈ ಕೊನೆಯದರಲ್ಲಿ ಆರ್ಲೆತ್ ಯಾರಿಗೂ ರಿಯಾಯಿತಿ ಕೊಟ್ಟವಳಲ್ಲ. ಬ್ರೆಡ್ಡು ಬೋರಲಾದರೆ ಮನೆಗೆ ಕೇಡು. ಹೆಡ್‌ಮಾಸ್ಟರ ಮೇಜಿಗೂ ಹೋಗಿ, ಅವರು ಹಾಗಿಟ್ಟ ಬ್ರೆಡ್ಡನ್ನು ಎತ್ತಿ ನೆಟ್ಟಗೆ ಇಟ್ಟು, "ಇನ್ನೊಂದ್ಸಲ ಕಂಡ್ರೆ ಇವತ್ತಿನ ಹಣ್ಣು ಕಟ್" ಎಂದು ಬಂದಿದ್ದಳು.

"ಮಿಸ್ಸಿಗೆ ಹೇಳಿಬಿಡು, ಹುಡುಗಿಗೆ ಮಾತು ಬರುತ್ತೆ ಅಂತ," ಅಂದಳು ಪಾತ್ರೆ ತೊಳೆಯುವ ಝೊಹ್ರಾ.

"ಏನಂತ ಹೇಳ್ಲಿ? ನಿಮ್ಮ ಮಗು ಮಾತಾಡುತ್ತೆ ಮಿಸ್, ಆದ್ರೆ ನನ್ನ ಬಾಯಲ್ಲಿ ಮಾತಾಡುತ್ತೆ ಅಂತಲಾ?"

"ನಿನ್ನ ಬಾಯಿಗೇನಾಗಿದೆ?"

"ನಿನ್ನೆ ಆ ಹಾಲಿನವನಿಗೆ ಏನಂದೆ ನಾನು, ನೆನಪಿದ್ಯಾ?"

ಝೊಹ್ರಾ ನೆನಪಿಸಿಕೊಂಡಳು. ಆಮೇಲೆ ಪಾತ್ರೆಯನ್ನು ಇನ್ನಷ್ಟು ಜೋರಾಗಿ ಉಜ್ಜಿದಳು.

ಪರೀಕ್ಷೆ ಹತ್ತಿರ ಬಂತು. ಟ್ಯಾಮ್ಸಿನ್ ಬಾಯಿ ಬಿಡದಿದ್ದರೆ ಏನಾಗುತ್ತದೆ ಎನ್ನುವುದು ಅವಳ ತಾಯಿಗೂ ಗೊತ್ತಿತ್ತು, ಆರ್ಲೆತ್‌ಗೂ. ಅಪ್ಪ ಇಲ್ಲೇ ಕಾರ್ಖಾನೆಯಲ್ಲಿ ಉಳಿಯಬೇಕು, ಹುಡುಗಿ ವಾಪಸ್ ಹೋಗಿ ಇರಬೇಕಾದ್ದು ಯಾರ್ಕ್‌ಷೈರಿನ ಚಿಕ್ಕಮ್ಮನ ಮನೆಯಲ್ಲಿ. "ಚಿಕ್ಕಮ್ಮ ಎಲ್ಲಾನೂ ಬೇಯಿಸ್ತಾಳೆ," ಎಂದಿದ್ದಳು ಟ್ಯಾಮ್ಸಿನ್, ಮುಖ ಸಣ್ಣದು ಮಾಡಿಕೊಂಡು. "ಬೇಯಿಸಿ, ನಾಳೆ ಇನ್ನೊಂದ್ಸಲ ಬೇಯಿಸ್ತಾಳೆ." ಆರ್ಲೆತ್‌ಗೆ ಅದು ಜೈಲಿನ ವರ್ಣನೆಯಂತೆ ಕೇಳಿಸಿತು.

ಪರೀಕ್ಷೆಯ ಹಿಂದಿನ ದಿನ ಊಟದ ಮೇಲೆ ಅವಳೇ ಪಾಠ ಹೇಳಲು ಕೂತಳು.

"ನಾಳೆ ಬರೋ ಅಮ್ಮಾವ್ರು ದೊಡ್ಡೋರು. ನನ್ನ ಹತ್ರ ಮಾತಾಡೋ ಹಂಗೆ ಮಾತಾಡಬಾರ್ದು. ನೀವು ಅನ್ಬೇಕು. ಎಲ್ಲಿ, ಹೆಸರು ಕೇಳು."

"ನೀವ್ಯಾರೇ?" ಅಂದಳು ಟ್ಯಾಮ್ಸಿನ್.

ಝೊಹ್ರಾ ಒಲೆಯ ಕಡೆ ತಿರುಗಿಕೊಂಡಳು. ಅವಳ ಹೆಗಲು ಕುಣಿಯುತ್ತಿತ್ತು.

"ಅದು ಬೇಡ. ನೀವು ಹೇಗಿದ್ದೀರಿ ಮದಾಂ, ಅನ್ನು."

"ನೀವು ಹೇಗಿದ್ದೀರಿ ಮದಾಂ. ಬಡಕಲಾಗಿದ್ದೀರಲ್ಲ, ಮನೇಲಿ ಇಕ್ಕಲ್ವಾ?"

"ಆರ್ಲೆತ್," ಎಂದಳು ಝೊಹ್ರಾ, "ಪಾಠ ನಿಲ್ಸು. ಇರೋದೂ ಕೆಡುತ್ತೆ."

ಮಾರನೇ ದಿನ ದೊಡ್ಡ ತರಗತಿಯವರ ಪರೀಕ್ಷೆಗೆ ಕೋಣೆಗಳೆಲ್ಲ ತುಂಬಿಹೋಗಿದ್ದವು. ಹೆಡ್‌ಮಾಸ್ಟರು ಟ್ಯಾಮ್ಸಿನ್‌ಳ ಪರೀಕ್ಷೆಯನ್ನು ಊಟದ ಮನೆಯ ಕಿಟಕಿ ಪಕ್ಕದ ಮೇಜಿಗೆ ಹಾಕಿದರು. ಪರೀಕ್ಷಕಿ ಮದಾಂ ವೋಜೆಲ್, ಕತ್ತಿಗೆ ರೇಷ್ಮೆ ವಸ್ತ್ರ, ನಿಜಕ್ಕೂ ಬಡಕಲು. ಪಕ್ಕದ ಮೇಜಿನಲ್ಲಿ ಮಿಸ್ ರೂಬೋ ಬೆರಳಿನ ಉಂಗುರ ತಿರುಗಿಸುತ್ತ ಕೂತಳು. ಪರೀಕ್ಷೆ ಮುಗಿಯುವವರೆಗೆ ಅಡುಗೆಯವರು ಮಾತಾಡಕೂಡದು ಎಂದು ಹೆಡ್‌ಮಾಸ್ಟರ ಅಪ್ಪಣೆ.

ಮದಾಂ ವೋಜೆಲ್ ಒಂದು ಚಿತ್ರ ಮುಂದಿಟ್ಟರು. ಒಂದು ಸಂಸಾರ ಊಟಕ್ಕೆ ಕೂತ ಚಿತ್ರ. "ಇದರಲ್ಲಿ ಏನೇನು ಕಾಣಿಸ್ತಿದೆ, ಹೇಳ್ತೀಯಾ ಮಗು?"

ಟ್ಯಾಮ್ಸಿನ್ ಚಿತ್ರ ನೋಡಿದಳು. ಮಿಸ್ ರೂಬೋನ ನೋಡಿದಳು. ಬಾಯಿಗೆ ಬೀಗ ಬಿದ್ದಂತಾಯಿತು.

"ಇವರು ಯಾರಿರಬಹುದು?"

ಟ್ಯಾಮ್ಸಿನ್ ಜಡೆಯ ತುದಿ ಬೆರಳಿಗೆ ಸುತ್ತಿಕೊಂಡಳು.

"ನಿನ್ನ ಹೆಸರಾದ್ರೂ ಹೇಳಮ್ಮ."

ಕಟ್ಟೆಯ ಹಿಂದೆ ಬ್ರೆಡ್ಡು ಕೊಯ್ಯುತ್ತಿದ್ದ ಆರ್ಲೆತ್‌ಳ ಚಾಕು ನಿಂತಿತು. ಮಗು ಮಾತಾಡಲಿ ಎಂದು ಒಂದು ಕಡೆ ಎಳೆತ, ಮಾತಾಡಿದರೆ ಏನು ಹೊರಬೀಳುವುದೋ ಎಂದು ಇನ್ನೊಂದು ಕಡೆ. ಅವಳು ಕೆಮ್ಮಿದಳು. ಸೌಟು ಬೀಳಿಸಿದಳು. ಟ್ಯಾಮ್ಸಿನ್ ತಲೆ ಎತ್ತಲಿಲ್ಲ.

"ಪರವಾಗಿಲ್ಲ ಬಿಡು," ಎಂದು ಮದಾಂ ವೋಜೆಲ್ ಮೆತ್ತಗೆ ಹೇಳಿ, ಪೆನ್ನಿನ ಮುಚ್ಚಳ ಹುಡುಕಿ ಕೈಗೆತ್ತಿಕೊಂಡರು.

ಎರಡು ಸಲ ಬೇಯಿಸಿದ ತರಕಾರಿ ಆರ್ಲೆತ್‌ಳ ಕಣ್ಣ ಮುಂದೆ ಬಂತು. ಅವಳು ಒಂದು ತಟ್ಟೆಯಲ್ಲಿ ಕಾಫಿ ಇಟ್ಟಳು, ಪಕ್ಕದಲ್ಲಿ ಒಂದು ದುಂಡು ಬ್ರೆಡ್ಡು ಇಟ್ಟಳು. ಮೇಜಿನ ಹತ್ತಿರ ಹೋಗಿ ಕಾಫಿಯನ್ನು ಮದಾಂ ಮುಂದೆ ಸರಿಸಿದಳು. ಆಮೇಲೆ ತನ್ನ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದಳು. ಬ್ರೆಡ್ಡನ್ನು ಎತ್ತಿ, ಚಪ್ಪಟೆ ಬೆನ್ನು ಮೇಲಾಗಿ, ಬೋರಲು ಮಲಗಿಸಿದಳು. ಝೊಹ್ರಾಗೆ ಈ ನಂಬಿಕೆಯೆಲ್ಲ ಇಲ್ಲ, ಆದರೂ ಅವಳು ಒಲೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಟ್ಯಾಮ್ಸಿನ್ ಬ್ರೆಡ್ಡನ್ನು ನೋಡಿದಳು. ಕುತ್ತಿಗೆಯಿಂದ ಕೆಂಪು ಮೇಲೇರಿತು.

"ಏನೇ ಆರ್ಲೆತ್ ಇದು?" ಎಂದು ಎದ್ದು ನಿಂತಳು. "ಕಣ್ಣು ಎಲ್ಲಿಟ್ಟಿದೀಯ, ಏಪ್ರನ್ ಜೇಬಲ್ಲಾ? ಬ್ರೆಡ್ಡನ್ನ ಹಿಂಗಾ ಮಲಗ್ಸೋದು, ಮಂಕುಮುಂಡೇದೇ? ನಿನ್ನನ್ನ ಕೊಟ್ಟಿಗೇಲಿ ಹೆತ್ತು ಹುಲ್ಲಲ್ಲಿ ಒರೆಸಿದ್ರಾ? ಇಷ್ಟು ವರ್ಷ ಮಕ್ಕಳ ತಲೆ ತಿಂದು ಈಗ ನೀನೇ ಇಂಥಾ ದರಿದ್ರ ಕೆಲ್ಸ ಮಾಡ್ತೀಯಲ್ಲೇ." ಬ್ರೆಡ್ಡನ್ನು ನೆಟ್ಟಗೆ ಇಟ್ಟು, ಅದೇ ಉಸಿರಲ್ಲಿ ಪರೀಕ್ಷಕಿಯ ಕಡೆ ತಿರುಗಿದಳು. "ನೀವೂ ಅಷ್ಟೇ ಮದಾಂ. ಮೂಗಿನ ಮುಂದೆ ಬಿದ್ದದೆ, ನೋಡ್ಕಂಡು ಕೂತಿದೀರಿ. ಕೈಗೇನು ಜೋಮು ಹಿಡಿದದಾ?"

ನೀವು ಅಂದಳು ಎನ್ನುವುದೊಂದೇ ಆರ್ಲೆತ್‌ಗೆ ಹೊಳೆದ ಸಮಾಧಾನ. ಮಿಸ್ ರೂಬೋ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಮದಾಂ ವೋಜೆಲ್ ಪೆನ್ನಿನ ಮುಚ್ಚಳ ಕೆಳಗಿಟ್ಟರು. "ಬೋರಲಿಟ್ರೆ ಏನಾಗುತ್ತೆ?" ಎಂದು ಕೇಳಿದರು.

"ಅದೂ ಗೊತ್ತಿಲ್ವಾ? ಹಿಂದೆಲ್ಲ ಕಳ್ಳರ, ಕೊಲೆಗಾರರ ತಲೆ ಕಡಿಯೋನು ಅಂತ ಒಬ್ಬ ಇದ್ದ. ಅವನ ಬ್ರೆಡ್ಡು ಬೇರೇರು ಮುಟ್ಟಬಾರ್ದು ಅಂತ ಬೇಕರಿಯೋನು ಬೋರಲು ಇಡ್ತಿದ್ದ. ಹಂಗೆ ಇಟ್ರೆ ಬಾರಪ್ಪಾ ಅಂತ ಅವನನ್ನ ಊಟಕ್ಕೆ ಕರೆದಂಗೆ. ಅವನು ಬಂದ್ರೆ ಉಂಡು ಸುಮ್ಕೆ ಹೋಗ್ತಾನಾ?"

"ಹೋಗಲಾರ," ಎಂದು ಮದಾಂ ಒಪ್ಪಿದರು. "ಈ ಚಿತ್ರದಲ್ಲಿರೋರು ಹೇಗೆ, ಬ್ರೆಡ್ಡು ಸರಿಯಾಗಿ ಇಟ್ಟಿದ್ದಾರಾ?"

ಟ್ಯಾಮ್ಸಿನ್ ಚಿತ್ರ ಎಳೆದುಕೊಂಡಳು. "ಬ್ರೆಡ್ಡು ಸರಿಯಾಗೇ ಅದೆ. ಬೇರೇದೆಲ್ಲ ಗಬ್ಬೆಬ್ಬಿಸವ್ರೆ. ಅಜ್ಜಿ ಇನ್ನೂ ನಿಂತವ್ಳೆ, ಇವು ಆಗ್ಲೇ ಮುಕ್ಕತಾ ಕೂತವೆ. ಈ ಮೀಸೆಯೋನು ನೋಡಿ, ಚೀಸಿನ ಮೂಗು ಕೊಯ್ದು ತಾನೇ ಹಾಕ್ಕಂಡವ್ನೆ. ಉಳಿದೋರು ಸಿಪ್ಪೆ ತಿನ್ಬೇಕಾ? ನಮ್ಮ ಆರ್ಲೆತ್ ಕೈಗೆ ಸಿಕ್ಕಿದ್ರೆ ಮೀಸೆ ಹಿಡಿದು ಎಳೀತಿದ್ಲು."

ಮದಾಂ ವೋಜೆಲ್ ಕೇಳುತ್ತಲೇ ಹೋದರು, ಹುಡುಗಿ ಹೇಳುತ್ತಲೇ ಹೋದಳು. ಚಿಕ್ಕಮ್ಮನ ತರಕಾರಿ ಬಂತು, ಲ್ಯೂಸಿಯಾನ ಸೊಂಟ ಬಂತು, ಆ ಹಾಲಿನವನೂ ಬಂದ. ಹಾಲಿನವನು ಬಂದಾಗ ಆರ್ಲೆತ್ ಕಟ್ಟೆಯ ಹಿಂದೆ ಬಗ್ಗಿ, ಬಿದ್ದಿದ್ದ ಸೌಟನ್ನು ಹುಡುಕಿದಳು. ಬಹಳ ಹೊತ್ತು ಹುಡುಕಿದಳು.

"ಕೊನೆಯದೊಂದು ಪ್ರಶ್ನೆ," ಎಂದರು ಮದಾಂ. ಅವರ ರೇಷ್ಮೆ ವಸ್ತ್ರ ಸ್ವಲ್ಪ ಓರೆಯಾಗಿತ್ತು. "ಇಷ್ಟು ಫ್ರೆಂಚು ನಿನಗೆ ಯಾರು ಕಲಿಸಿದ್ದು?"

ಟ್ಯಾಮ್ಸಿನ್ ಕಟ್ಟೆಯ ಕಡೆ ನೋಡಿದಳು. ಅಲ್ಲಿ ಯಾರೂ ಕಾಣಲಿಲ್ಲ. ಹುಡುಗಿ ಜಾಣೆ, ಒಂದು ಗಳಿಗೆ ಯೋಚಿಸಿ, "ಮಿಸ್ ರೂಬೋ," ಅಂದಳು.

ಮದಾಂ ವೋಜೆಲ್ ನಿಧಾನವಾಗಿ ತಿರುಗಿ ಮಿಸ್ ರೂಬೋಳ ಬಿಳಿ ಕಾಲರನ್ನು, ಉಂಗುರವನ್ನು, ಕೆಂಪಾದ ಕಿವಿಗಳನ್ನು ಹೊಸದಾಗಿ ನೋಡಿದರು. "ಒಳ್ಳೆ ಕೆಲಸ ಮಾಡಿದ್ದೀರಿ," ಎಂದರು. "ಇವಳಿಗೆ ವಿಭಾಗದಲ್ಲಿ ಜಾಗ ಇದೆ. ಬರೋ ವರ್ಷ ಬಾಯಿ ಸ್ವಲ್ಪ ತೊಳೀಬೇಕು. ಪೂರ್ತಿ ತೊಳೀಬೇಡಿ." ಕಾಫಿ ಕುಡಿದರು. ಬ್ರೆಡ್ಡಿನದೊಂದು ತುಂಡು ಮುರಿದುಕೊಂಡು, ಉಳಿದದ್ದನ್ನು ಜೋಪಾನವಾಗಿ ನೆಟ್ಟಗೆ ಇಟ್ಟು ಹೋದರು.

ಟ್ಯಾಮ್ಸಿನ್ ಚರಿತ್ರೆಯ ತರಗತಿಗೆ ಓಡಿದಳು. ಮಿಸ್ ರೂಬೋ ಕಟ್ಟೆಯ ಹತ್ತಿರ ಬಂದು ನಿಂತಳು. ಅವಳಿಗೆ ನಗಬೇಕೋ ಅಳಬೇಕೋ ಗೊತ್ತಾದಂತಿರಲಿಲ್ಲ.

"ಮದಾಂ ಲಬಾದಿ. ಆ ಮಂಕುಮುಂಡೇದೇ ಅನ್ನೋದನ್ನ ನಾನು ಯಾವಾಗ ಕಲಿಸಿದೆ?"

"ಚಳಿಗಾಲದಲ್ಲಿರ್ಬೇಕು, ಮಿಸ್."

"ಕೊಟ್ಟಿಗೇಲಿ ಹೆರೋದು?"

"ಅದು ಆಮೇಲೆ. ಅದು ಸ್ವಲ್ಪ ಕಷ್ಟದ ಪಾಠ."

ಮಿಸ್ ರೂಬೋ ತಲೆಯಾಡಿಸಿದಳು. ಹೋಗುವವಳು ಹೋಗದೆ, ಸೆಪ್ಟೆಂಬರಿನಲ್ಲಿ ಮಾತು ಬಾರದ ಇನ್ನಿಬ್ಬರು ಬರುವವರಿದ್ದಾರೆ, ಅವರನ್ನು ಊಟವಾದ ಮೇಲೆ ಒಂದಿಷ್ಟು ಹೊತ್ತು ಮೇಜು ಒರೆಸಲು ಕಳಿಸಲೇ ಎಂದು ಕೇಳಿದಳು.

"ಕಳ್ಸಿ," ಎಂದಳು ಆರ್ಲೆತ್. "ನೀವೂ ಬನ್ನಿ. ಬಟ್ಟೆ ಬೇಕಾದಷ್ಟಿವೆ."

ಅವಳು ಹೋದ ಮೇಲೆ ಝೊಹ್ರಾ ಗಡಿಯಾರ ತೋರಿಸಿದಳು. ಇನ್ನೇನು ಗಂಟೆ ಹೊಡೆಯುತ್ತದೆ, ಮಕ್ಕಳು ನುಗ್ಗುತ್ತಾರೆ, ಸೊಪ್ಪಿನ ಮಣ್ಣು ಇನ್ನೂ ತೊಳೆದಿಲ್ಲ. ಆರ್ಲೆತ್ ಅಂಗಿಯ ತೋಳು ಮೇಲೆ ಮಡಚಿ, ದೊಡ್ಡ ತೊಟ್ಟಿಗೆ ತಣ್ಣೀರು ಬಿಟ್ಟಳು. ಲೆಟ್ಯೂಸಿನ ಎಲೆ ಒಂದೊಂದಾಗಿ ಬಿಡಿಸಿ ನೀರಿನಲ್ಲಿ ಅದ್ದಿದಳು, ಬುಡದ ಮರಳು ಹೆಬ್ಬೆರಳಿನಿಂದ ಉಜ್ಜಿದಳು, ಕೊಡವಿ ಜರಡಿಗೆ ಹಾಕಿದಳು. ಒಂದು ಎಲೆಯ ಮೇಲೆ ಬಸವನಹುಳು ಸಿಕ್ಕಿತು. ಅದಕ್ಕೆರಡು ಮಾತು ಬೈದು ಕಿಟಕಿಯಾಚೆ ಬಿಟ್ಟು, ಇನ್ನೊಂದು ಎಲೆ ಎತ್ತಿಕೊಂಡಳು.