ಸೀರೆಗೆ ಜೇಬಿಲ್ಲ

ನಾನು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಸೈರನ್ ಕೂಗುವ ಮುಂಚೆ ಬೆಂಚಿನ ಮುಂದಿರಬೇಕು, ಪರೀಕ್ಷೆಯಾಗದ ಮಾಲು ಬಾಗಿಲು ದಾಟಬಾರದು. ಈ ಶಿಸ್ತು ಮನೆಗೆ ಬಂದಮೇಲೂ ಬಿಡಲಿಲ್ಲ. ಅದಕ್ಕೇ ತಂಗಿಯ ಮಗ ಹೆಗ್ಗನಹಳ್ಳಿಯ ಮಹಡಿ ಕೋಣೆಯೊಂದರಲ್ಲಿ, ಜೇಬಿನಲ್ಲಿ ಇಟ್ಟುಕೊಳ್ಳುವ ಇಂಟರ್ನೆಟ್ ಡಬ್ಬಿ ತಯಾರಿಸಲು ಹೊರಟಾಗ ನನ್ನನ್ನು ಕರೆದ. ಸಿಮ್ ಹಾಕಿ ಗುಂಡಿ ಒತ್ತಿದರೆ ಸುತ್ತಲಿನ ಫೋನುಗಳಿಗೆಲ್ಲ ನೆಟ್ ಸಿಗಬೇಕು. ಡೆಲಿವರಿಯವರಿಂದ ಹಿಡಿದು ಹೂವಿನಂಗಡಿಯವರ ತನಕ ಯಾರು ಬೇಕಾದರೂ ಬಳಸುವ ಹಾಗಿರಬೇಕು.

ಅವನು ಮಾಡಿದ ನಾಲ್ಕರಲ್ಲಿ ಒಂದನ್ನು ಬೀಳಿಸಿ ನೋಡಿದೆ, ನೀರು ಚಿಮುಕಿಸಿ ನೋಡಿದೆ. ಬಿಸಿಯ ಪರೀಕ್ಷೆಗೆ ಅವನ ಹಳೇ ಅಂಗಿಯೊಂದನ್ನು ಕುರ್ಚಿಗೆ ತೊಡಿಸಿ, ಜೇಬಿನಲ್ಲಿ ಡಬ್ಬಿ ಇಟ್ಟು, ದಿನವಿಡೀ ಆನ್ ಮಾಡಿ ಬಿಟ್ಟೆವು. ಮೇಲೆ ಫ್ಯಾನು ತಿರುಗುತ್ತಿತ್ತು. ಡಬ್ಬಿ ಉಗುರುಬೆಚ್ಚಗಿತ್ತು. ಪಾಸು ಮಾಡಿದೆ. ಮಿಕ್ಕ ಮೂರನ್ನು ಅವನು ಪರಿಚಯದವರಿಗೆ ಬಳಸಲು ಕೊಟ್ಟ.

ಯಾವ ಡಬ್ಬಿ ಎಷ್ಟು ಬಿಸಿಯಾಗಿದೆ ಎಂಬುದು ಕೋಣೆಯ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಒಂದು ಬೆಳಿಗ್ಗೆ ಒಂದರ ಅಂಕಿ ಏರತೊಡಗಿತು. ನಿಲ್ಲಲಿಲ್ಲ.

“ಇದು ಯಾರ ಹತ್ರ ಇದೆ?”

“ಅಮ್ಮನ ಹತ್ರ, ದೊಡ್ಡಮ್ಮ. ಕೆಂಗೇರಿಯಿಂದ ಬಸ್ಸಲ್ಲಿ ಬರ್ತಾ ಇದಾಳೆ. ಬಸ್ಸು ಓಡ್ತಿದ್ರೆ ಅದು ಟವರ್ ಹುಡುಕ್ತಾ ಸ್ವಲ್ಪ ಬಿಸಿ ಆಗುತ್ತೆ. ಜೇಬಲ್ಲಿದ್ರೆ ಏನೂ ಆಗಲ್ಲ.”

“ಸೀರೆಗೆ ಜೇಬೆಲ್ಲಿದೆ ಕಣೋ?”

ಅವನು ನನ್ನ ಮುಖ ನೋಡಿದ. ಬಸ್ಸಿನಲ್ಲಿ ಪರ್ಸು ಕಳೆದುಕೊಂಡಾಗಿನಿಂದ ಅವನ ತಾಯಿ ಬೆಲೆಬಾಳುವುದನ್ನೆಲ್ಲ ರವಿಕೆಯೊಳಗೇ ಇಡುತ್ತಿದ್ದಳು. ಅದು ಅವನಿಗೂ ಗೊತ್ತು.

“ಇಲ್ಲಿಂದಲೇ ಆಫ್ ಮಾಡು.”

“ಆಗಲ್ಲ. ಅದನ್ನ ಮುಂದಿನ ಮಾಡೆಲ್‌ಗೆ ಹಾಕೋಣ ಅಂತ...”

ಮಾತು ನುಂಗಿಕೊಂಡು ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. “ಅಮ್ಮ, ಆ ಡಬ್ಬಿ ಆಚೆ ತೆಗಿ. ಈಗಲೇ.”

“ಇಷ್ಟು ಜನದ ಮಧ್ಯೆ ಒಳಗೆ ಕೈ ಹಾಕ್ಲಾ? ಮಾನ ಮರ್ಯಾದೆ ಬೇಡ್ವೇನೋ? ಚಳೀಗೆ ಬೆಚ್ಚಗಿದೆ ಬಿಡು. ಸ್ವಲ್ಪ ಚುರುಚುರು ಅನ್ನುತ್ತೆ ಅಷ್ಟೇ.”

ನಾನು ಫೋನು ಕಸಿದುಕೊಂಡೆ. “ಬಸ್ ಇಳಿಯೇ.”

“ಅಕ್ಕಾ, ಇನ್ನೂ ಮಲ್ಲತ್ತಹಳ್ಳಿ ಕಣೇ. ಸುಂಕದಕಟ್ಟೆ ಬರಲಿ ತಡಿ.”

“ಇಳಿ ಅಂದೆ!”

ಬಸ್ಸು ನಿಲ್ಲಿಸಲು ಅವಳು ಕೂಗಿದ್ದು ಕೇಳಿಸಿತು. “ಎಲ್ಲಂದ್ರಲ್ಲಿ ನಿಲ್ಸೋಕೆ ಇದೇನು ಆಟೋನಾ ಆಂಟಿ?” ಎಂದು ಕಂಡಕ್ಟರ್ ರೇಗಿದ. ಲೈನ್ ಕಟ್ಟಾಯಿತು.

ಪರದೆಯಲ್ಲಿ ಅಂಕಿ ಇನ್ನೂ ಏರಿತು. ಆಮೇಲೆ ಆ ಸಾಲೇ ಖಾಲಿಯಾಯಿತು.

“ಆಫ್ ಮಾಡಿದ್ಲು ಅಲ್ವೇನೋ?”

“ಆಫ್ ಮಾಡಿದ್ರೂ ಹೀಗೇ ಕಾಣುತ್ತೆ ದೊಡ್ಡಮ್ಮ.” ನನ್ನ ಕೈಯಿಂದ ಫೋನು ತೆಗೆದುಕೊಳ್ಳುತ್ತಾ ಅಂದ, “ಸುಟ್ಟುಹೋದ್ರೂ ಹೀಗೇ.”

ಮತ್ತೆ ಮತ್ತೆ ಫೋನು ಮಾಡಿದೆವು. ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಕೆಳಗೆ ಆಟೋ ನಿಂತ ಸದ್ದಾದಾಗ ಅವನು ಮೆಟ್ಟಿಲುಗಳನ್ನು ಹಾರಿಕೊಂಡೇ ಇಳಿದ.

ತಂಗಿ ಡಬ್ಬಿಯನ್ನು ಊಟದ ಕ್ಯಾರಿಯರಿನ ಮುಚ್ಚಳದಲ್ಲಿಟ್ಟುಕೊಂಡು ಬಂದಳು. ಅದು ಪೂರಿಯ ಹಾಗೆ ಉಬ್ಬಿ, ಎರಡು ಕಡೆ ಬಾಯಿ ಬಿಟ್ಟಿತ್ತು. “ತಗೋಪ್ಪಾ ನಿನ್ನ ಡಬ್ಬಿ. ಯಾರ್ದೋ ಮನೆ ಕಾಂಪೌಂಡ್ ಹಿಂದೆ ನಿಂತ್ಕೊಂಡು ತೆಗೆಯೋ ಹಾಗೆ ಮಾಡಿದ್ಯಲ್ಲೋ,” ಎಂದಳು. ನಗಲು ನೋಡಿದಳು, ಆಗಲಿಲ್ಲ. ನನ್ನನ್ನು ಬಾಗಿಲ ಮರೆಗೆ ಕರೆದು ಸೆರಗು ಸರಿಸಿ ತೋರಿಸಿದಳು. ಚರ್ಮದ ಮೇಲೆ ಡಬ್ಬಿಯ ನಾಲ್ಕು ಮೂಲೆಗಳೂ ಕೆಂಪಗೆ ಎದ್ದಿದ್ದವು.

ಡಬ್ಬಿಯನ್ನು ಮರಳಿನ ಬಕೆಟ್ಟಿನಲ್ಲಿ ಹೂತೆ. ಒಳಗಿಂದ ಸಣ್ಣಗೆ ಸುಯ್ ಅನ್ನುತ್ತಿತ್ತು. ತಂಗಿಗೆ ತಣ್ಣೀರು ತರಲೆಂದು ತಿರುಗಿದರೆ, ಪರದೆಯಲ್ಲಿ ಅಷ್ಟು ಹೊತ್ತೂ ಖಾಲಿಯಿದ್ದ ಇನ್ನೊಂದು ಸಾಲಿನಲ್ಲಿ ಅಂಕಿ ಮೂಡಿತ್ತು.

“ಅದ್ಯಾರ್ದೋ?”

“ಬೀದಿ ಕೊನೆ ಹೂವಿನಂಗಡಿ ಆಂಟಿದು. ಈಗ ಆನ್ ಮಾಡಿದಾರೆ,” ಎಂದ. ಫೋನು ಆಗಲೇ ಅವನ ಕಿವಿಯಲ್ಲಿತ್ತು. “ಬ್ಯುಸಿ ಬರ್ತಾ ಇದೆ ದೊಡ್ಡಮ್ಮ.”

ನಾನು ಚಪ್ಪಲಿ ಮೆಟ್ಟಿಕೊಂಡೆ.