ದಾನಪ್ಪನ ಆಸಿಲೋಸ್ಕೋಪ್

ಎಂಬತ್ತರ ದಶಕದ ಕೊನೆ. ನಿಪ್ಪಾಣಿಯ ಮನೆಯ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಾಗ ಅಥಣಿಯ ದಾನಪ್ಪ ತೀರಿಕೊಂಡ ಸುದ್ದಿ ಬಂತು. ನಮ್ಮ ಯಜಮಾನರು ಟಿವಿ ರಿಪೇರಿ ಮಾಡುವವರು; ದಾನಪ್ಪ ಅವರ ಜೊತೆಗೇ ಕೆಲಸ ಕಲಿತವನು. ಬಿಚ್ಚಿಟ್ಟ ಟಿವಿಯ ಮುಂದೆ ಕುಳಿತಲ್ಲೇ ಹೋಗಿದ್ದನಂತೆ. "ಹಾರ್ಟ್ ನಿಂತೈತಿ ಅಂದ್ರು ಡಾಕ್ಟರು," ಎಂದ ಸುದ್ದಿ ತಂದವ.

ಅಂಗಡಿಯ ಕೆಲಸದಲ್ಲಿ ನನ್ನ ಪಾಲೂ ಇತ್ತು. ಸುಟ್ಟ ಟ್ರಾನ್ಸ್‌ಫಾರ್ಮರಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತುವವಳು ನಾನು. ಅಡುಗೆ ಮುಗಿಸಿ, ಚಿಂಚಲಿ ಮಾಯಕ್ಕನಿಗೆ ಕೈಮುಗಿದು ಕುಳಿತರೆ ಸಂಜೆಯ ಚಹಾದವರೆಗೆ ಏಳುತ್ತಿರಲಿಲ್ಲ. ಮನೆಯಲ್ಲೇ ಕುಳಿತು ದುಡಿಯಲು ಕೈಗೊಂದು ವಿದ್ಯೆ ಕೊಟ್ಟಳಲ್ಲ, ಅದೂ ಅವಳ ದಯೆಯೇ.

ಯಜಮಾನರು ಆಗ ಆಸಿಲೋಸ್ಕೋಪ್ ಹುಡುಕುತ್ತಿದ್ದರು. ವೋಲ್ಟೇಜ್ ಎಷ್ಟೆಂದು ಮೀಟರು ಹೇಳುತ್ತದೆ. ಅದು ಹೇಗೆ ಏರಿಳಿಯುತ್ತದೆ ಎಂಬುದನ್ನು ಆಸಿಲೋಸ್ಕೋಪ್ ಪರದೆಯ ಮೇಲೆ ಹಸಿರು ಗೆರೆಯಾಗಿ ಬರೆದು ತೋರಿಸುತ್ತದೆ. ಕೊಲ್ಲಾಪುರದಲ್ಲಿ ನಮ್ಮ ಕೈಗೆಟುಕುವಂತಿದ್ದ ಹೊಸದು ಸಿಂಗಲ್ ಟ್ರೇಸ್, ಒಂದೇ ಗೆರೆಯದು. ದಾನಪ್ಪನದು ಇಪ್ಪತ್ತು ಮೆಗಾಹರ್ಟ್ಸಿನವರೆಗಿನ ವೇಗದ ಏರಿಳಿತ ಹಿಡಿಯುವ ಡ್ಯುಯಲ್ ಟ್ರೇಸ್. ಎರಡು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ಹೋಲಿಸಬಹುದು. ಅವನ ಹೆಂಡತಿ ಶಾಂತಾ ಅದನ್ನು ಒಯ್ಯಲು ಹೇಳಿ ಕಳಿಸಿದಾಗ ಯಜಮಾನರ ಮನಸ್ಸು ಅತ್ತಲೇ ವಾಲಿತು. ನಾನೂ ಹೊರಟೆ. ಸತ್ತವರ ವಸ್ತುವಿಗೆ ಮಾಯಕ್ಕನ ಭಂಡಾರ, ಅಂದರೆ ದೇವಿಯ ಅರಿಸಿನ, ಹಚ್ಚದೆ ಮನೆಯೊಳಗೆ ತರುವುದು ನನಗೆ ಒಗ್ಗದು.

ದಾನಪ್ಪನ ಅಂಗಡಿ ಅವನ ಮನೆಯ ಮುಂದಿನ ಕೋಣೆಯಲ್ಲಿತ್ತು. ನಾವು ಹೋದಾಗ ಯಂತ್ರ ಚಾಲೂ ಇತ್ತು. ಏನನ್ನೂ ಜೋಡಿಸಿರಲಿಲ್ಲ, ಪ್ರೋಬ್, ಅಂದರೆ ಅಳೆಯುವ ತಂತಿ, ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಆದರೂ ಪರದೆಯಲ್ಲಿ ಗೆರೆ ಮಿಡುಕಾಡುತ್ತಿತ್ತು. ಎದುರಿಗೆ ಒದ್ದೆಗೂದಲು ಬಿಟ್ಟುಕೊಂಡು ದಾನಪ್ಪನ ತಾಯಿ ಕುಳಿತಿದ್ದರು.

"ಸಾವಕಾಶ ಬಾರವ್ವ," ಎಂದರು. "ಯಾರರ ಸಮೀಪ ಬಂದ್ರ ಅಂವಗ ತಿಳಿತೈತಿ, ನೋಡ."

ಪ್ರೋಬಿನ ಹತ್ತಿರ ಕೈ ಒಯ್ದೆ. ಗೆರೆ ಉಬ್ಬಿ ಗುಡ್ಡಗುಡ್ಡವಾಯಿತು. ಕೈ ತೆಗೆದೆ, ಕುಗ್ಗಿತು.

"ಕಂಡಿ? ಗುರ್ತ ಹಿಡದ. ನಿನ್ನ ಕೈಯಾನ ಹೋಳಿಗಿ ಏನ್ ಕಡಿಮಿ ತಿಂದಾನೇನ!"

ಶಾಂತಾ ಹೊಸ್ತಿಲು ದಾಟಲಿಲ್ಲ. "ನಾ ಒಳಗ ಬರಂಗಿಲ್ರಿ ವೈನಿ. ಅತ್ತಿ ದಿನಾ ಜಳಕಾ ಮಾಡಿ ಬಂದು ಇದನ್ನ ಚಾಲೂ ಮಾಡಿ ಕುಂದರ್ತಾರ. ಮುಟ್ಟಿದ್ರ ಮಗಾ ಕೈಯಾಗ ಹರದಾಡ್ತಾನ ಅಂತಾರ. ಬಂದ್ ಮಾಡಿದ್ರ ಕೂಳ ಬಿಡ್ತಾರ."

ಯಜಮಾನರು ಮೆಲ್ಲಗೆ ಹೇಳಿದರು: "ಗೋಡಿ ವಾಯರಿನ ಕರೆಂಟು ಗಾಳಿಯಾಗಿಂದ ಆ ತುದಿಗೆ ತಾಗತೈತ್ರಿ. ನಮ್ಮ ಮೈ ಆಂಟೆನಾ ಇದ್ದಂಗ. ಅಷ್ಟ."

ನನಗೂ ಧೈರ್ಯ ಬಂತು. ಕೋಣೆಯ ನೆಲ ಆಗಷ್ಟೇ ಸಾರಿಸಿ ತಂಪಾಗಿತ್ತು. ಬರಿಗಾಲಲ್ಲಿ ನಿಂತು, ಭಂಡಾರವನ್ನು ನೀರಿನಲ್ಲಿ ಕಲಸಿ, ಯಂತ್ರದ ತಗಡಿನ ಹಣೆಗೆ ಹಚ್ಚಲು ಬೆರಳಿಟ್ಟೆ. ಬೆರಳಿನಿಂದ ಮೊಣಕೈವರೆಗೆ ಇರುವೆಗಳ ಸಾಲು ಹರಿದಂತಾಯಿತು. ಕೈ ಕಿತ್ತುಕೊಂಡೆ.

ಮುದುಕಿ ನಕ್ಕರು. "ಹರದ್ನಿಲ್ಲೋ?"

"ಏನ್ರಿ, ಇದು ಗಾಳೀದಲ್ಲ," ಎಂದೆ ಯಜಮಾನರಿಗೆ. "ಡಬ್ಬೀನ ಜುಮ್ ಅಂತೈತಿ."

 ಅವರು ತಟ್ಟನೆ ಗೋಡೆಯ ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತರು. ಮೂರು ಪಿನ್ನಿನ ಪ್ಲಗ್ಗು. ಮೇಲಿನ ದಪ್ಪ ಪಿನ್ನು, ಅರ್ತಿನದು, ಬುಡಕ್ಕೇ ಕತ್ತರಿಸಿ ಹೋಗಿತ್ತು.

ಯಂತ್ರದ ಮೈಗೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವುದು ಆ ಪಿನ್ನು. ಆದರೆ ಆಗಿನ ಎಷ್ಟೋ ಟಿವಿಗಳ ಚಾಸಿ, ಅಂದರೆ ಒಳಗಿನ ತಗಡಿನ ಚೌಕಟ್ಟು, ನೇರ ಮೇನ್ಸಿಗೇ, ಗೋಡೆಯ ಕರೆಂಟಿಗೇ, ಸೇರಿರುತ್ತಿತ್ತು. ಆಸಿಲೋಸ್ಕೋಪಿನ ಪ್ರೋಬಿನ ಕ್ಲಿಪ್ಪು ಅದರ ಮೈಗೂ ಅರ್ತಿಗೂ ಸೇರಿರುತ್ತದೆ; ಅದನ್ನು ಅಂಥ ಚಾಸಿಗೆ ಹಚ್ಚಿದರೆ ಫ್ಯೂಸು ಹಾರುತ್ತಿತ್ತು. ಆ ಕಾಟ ಬೇಡವೆಂದು ಮೆಕ್ಯಾನಿಕರು ಅರ್ತ್ ಪಿನ್ನನ್ನೇ ಕತ್ತರಿಸುತ್ತಿದ್ದರು. ಫ್ಯೂಸು ಉಳಿಯುತ್ತಿತ್ತು, ಕ್ಲಿಪ್ಪು ಹಚ್ಚಿದ ಕ್ಷಣ ಇಡೀ ಡಬ್ಬಿಯ ಮೈಗೆ 230 ವೋಲ್ಟು ಬರುತ್ತಿತ್ತು. ಟಿವಿ ಜೋಡಿಸದಿದ್ದಾಗ ಉಳಿಯುವುದು ಸೋರಿಕೆಯ ಜುಮ್ಮು ಮಾತ್ರ. ತಾಯಿ ದಿನವೂ ಮಗನೆಂದು ಮುಟ್ಟುತ್ತಿದ್ದುದು ಅದನ್ನೇ.

"ದಾನಪ್ಪನ ಹಾರ್ಟ್ ತಾನಾಗೇ ನಿಂತಿಲ್ಲ," ಎಂದರು ಯಜಮಾನರು ನನಗಷ್ಟೇ ಕೇಳುವಂತೆ. "ನಾವೆಲ್ಲಾರೂ ಇದನ್ನ ಮಾಡೂದು. ಹೊಸಾದ ತಂದಿದ್ರ ನಾನೂ ಮದ್ಲ ಪಿನ್ ಕತ್ತರಸಾಂವ ಇದ್ದೆ."

"ಪಿನ್ ಇದ್ರ ಡಬ್ಬಿ ಮನೀಗೆ ಬರಲಿ. ಇಲ್ಲಂದ್ರ ಡಬ್ಬೀನೂ ಬ್ಯಾಡ, ನನ್ನೂ ಮನೀಗೆ ಕರೀಬ್ಯಾಡ್ರಿ," ಎಂದೆ.

"ಮತ್ತ ಟಿವಿ ಹೆಂಗ ಚೆಕ್ ಮಾಡ್ಲಿ?"

"ಟಿವಿಗೆ ನಾ ಟ್ರಾನ್ಸ್‌ಫಾರ್ಮರ್ ಸುತ್ತಿ ಕೊಡ್ತೀನಿ."

ಅದರ ಹೆಸರು ಐಸೋಲೇಶನ್ ಟ್ರಾನ್ಸ್‌ಫಾರ್ಮರ್. ಒಳಬರುವುದು 230, ಹೊರಹೋಗುವುದೂ 230. ಆದರೆ ಎರಡು ಸುತ್ತುಗಳು ಒಂದನ್ನೊಂದು ಮುಟ್ಟುವುದಿಲ್ಲ. ಟಿವಿಯನ್ನು ಅದರ ಮೂಲಕ ಹಚ್ಚಿದರೆ ಚಾಸಿ ಮೇನ್ಸಿನಿಂದ ಬೇರೆಯಾಗುತ್ತದೆ. ಆಸಿಲೋಸ್ಕೋಪಿನ ಅರ್ತ್ ಇದ್ದಲ್ಲೇ ಇರುತ್ತದೆ.

ದಾನಪ್ಪನ ಡ್ರಾಯರಿನಲ್ಲೇ ಹೊಸ ಪ್ಲಗ್ಗು ಸಿಕ್ಕಿತು. ಪೊಟ್ಟಣ ಕೂಡ ಒಡೆದಿರಲಿಲ್ಲ. ಯಜಮಾನರು ಸಾಕೆಟ್ಟಿನ ಅರ್ತ್ ಸರಿಯಿದೆಯೇ ಎಂದು ಬಲ್ಬು ಹಚ್ಚಿ ನೋಡಿ, ಪ್ಲಗ್ಗು ಬದಲಿಸಿ, ಯಂತ್ರ ಚಾಲೂ ಮಾಡಿ ತಾವೇ ಮೊದಲು ಮುಟ್ಟಿದರು. ನಾನು ಭಂಡಾರ ಹಚ್ಚಿದೆ. ಏನೂ ಹರಿಯಲಿಲ್ಲ.

ಆಮೇಲೆ ಆಯಿ, ದಾನಪ್ಪನ ತಾಯಿ, ಅಂಗೈ ಇಟ್ಟರು. ಕಾದರು. ಜ್ವರ ಬಂದ ಕೂಸಿನ ಮೈ ಮುಟ್ಟಿ ನೋಡುವಂತೆ ಮೇಲೆ, ಪಕ್ಕಕ್ಕೆ, ಹಿಂದೆ ಕೈಯಾಡಿಸಿದರು. ಪರದೆಯಲ್ಲಿ ಹಸಿರು ಗೆರೆ ಮೊದಲಿನಂತೆಯೇ ಮಿಡುಕಾಡುತ್ತಿತ್ತು.

"ಗೆರಿ ಐತಿ," ಎಂದರು. "ಮಗಾ ಇಲ್ಲ."

 ಆಯಿಯೇ ಎದ್ದು ಸ್ವಿಚ್ಚು ಆರಿಸಿದರು. "ಒಯ್ರಿ ಇನ್ನ." ಬಾಗಿಲಲ್ಲಿದ್ದ ಶಾಂತಾಳತ್ತ ತಿರುಗಿ, "ಹಸಿವ್ಯಾಗೇತಿ ಬೇ, ರೊಟ್ಟಿ ಹಾಕ," ಎಂದರು. ಶಾಂತಾ ಆಗ ಹೊಸ್ತಿಲು ದಾಟಿ ಬಂದು ಅವರ ಕೈ ಹಿಡಿದಳು.

ಮುಂದೆ ರಾಯಬಾಗ, ಕಾಗವಾಡದ ಮೆಕ್ಯಾನಿಕರು ಯಾವ ಆಸಿಲೋಸ್ಕೋಪ್ ಕೊಳ್ಳಲಿ ಎಂದು ಕೇಳಿ ಬಂದಾಗ, ಯಜಮಾನರು ಮೆಗಾಹರ್ಟ್ಸಿನ ಮಾತು ತೆಗೆಯುವ ಮೊದಲು ಪ್ಲಗ್ಗು ತೋರಿಸುತ್ತಿದ್ದರು. ಫ್ಯೂಸು ಹಾರುವುದು ಕಾಟವಲ್ಲ, ಕೂಗಿ ಹೇಳುವ ಎಚ್ಚರಿಕೆ. ಅದರ ಬಾಯಿ ಮುಚ್ಚಬಾರದು. ಈ ಕೆಲಸ ನಮಗೆ ಕಲಿಸಿದ್ದು ಇಷ್ಟು.

ನಾನು ನಮ್ಮ ಅಂಗಡಿಗೆ ಚಹಾ ಒಯ್ದಾಗಲೆಲ್ಲ ಮೇಜಿನ ಮೇಲೆ ಆ ಪರದೆಯ ಗೆರೆ ಉಬ್ಬುತ್ತಿತ್ತು. ಗಾಳಿಯ ಕರೆಂಟೆಂದು ಗೊತ್ತಿದ್ದರೂ ಎದೆ ಒಮ್ಮೆ ಝಲ್ಲೆನ್ನುತ್ತಿತ್ತು. ಆಗ ಡಬ್ಬಿಯ ಮೇಲೆ ಅಂಗೈ ಇಡುತ್ತಿದ್ದೆ. ಏನೂ ಇಲ್ಲ. ಆ ಏನೂ ಇಲ್ಲದ್ದಕ್ಕೇ ಮಾಯಕ್ಕನಿಗೆ ಕೈಮುಗಿದು, ಖಾಲಿ ಕಪ್ಪು-ಬಸಿ ಎತ್ತಿಕೊಂಡು ತೊಳೆಯಲು ಹೋಗುತ್ತಿದ್ದೆ.